ಪ್ರೋಬ್ ಹಿಡಿದ ಕೈ, ರಿಜಿಸ್ಟರ್ ಬರೆದ ಕೈ

ಆಸ್ಪತ್ರೆಯ ಚರಿತ್ರೆ ಬರೆಯಲು ಕೂತವರಿಗೆ ಮೊದಲು ಸಿಗುವುದು ಶಿಲಾನ್ಯಾಸದ ಕಲ್ಲು. ಯಾವ ಸಚಿವರು ಬಂದಿದ್ದರು, ಅಧ್ಯಕ್ಷತೆ ಯಾರದು, ಯಾವ ಇಸವಿ, ಎಲ್ಲವೂ ಅದರಲ್ಲಿ ಕೆತ್ತಿರುತ್ತದೆ. ಎರಡನೆಯದು ಆಡಳಿತ ವೈದ್ಯಾಧಿಕಾರಿಗಳ ಹೆಸರು ಬರೆದ ಹಲಗೆ. ಸ್ಕ್ಯಾನಿಂಗ್ ಕೋಣೆಯ ಪಾಲಿಗೆ ಹೆಚ್ಚೆಂದರೆ ಒಂದು ಫೋಟೊ ಉಳಿದಿರುತ್ತದೆ: ರಿಬ್ಬನ್ ಕಟ್ಟಿದ ಯಂತ್ರ, ಸುತ್ತ ಹಾರ ಹಾಕಿಕೊಂಡ ಗಣ್ಯರು. ಫೋಟೊ ತೆಗೆದ ಮರುದಿನದಿಂದ ಆ ಯಂತ್ರವನ್ನು ಯಾರು ನಡೆಸಿದರು, ಯಾರನ್ನು ಯಾವ ದಿನ ಕರೆಸಿದರು, ವರದಿಯಲ್ಲಿ ಏನಾದರೂ ಕಂಡಾಗ ಆ ಹೆಂಗಸನ್ನು ಹುಡುಕಿಕೊಂಡು ಹೋದವರು ಯಾರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಈ ಲೇಖನ ಆ ಮರುದಿನದ ಬಗ್ಗೆ.

ಹುಣಸೂರು ಉಪವಿಭಾಗದ ನಾಲ್ಕು ತಾಲ್ಲೂಕುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ಕಂದಾಯ ಇಲಾಖೆಯದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಈಚೆಗೆ ಸರಗೂರು, ಸಾಲಿಗ್ರಾಮಗಳೂ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಆಸ್ಪತ್ರೆಯ ಲೆಕ್ಕದಲ್ಲಿ ಮಾತ್ರ ಇವು ಒಂದೇ ಸೀಮೆಯಲ್ಲ. ಕಾವೇರಿ ದಂಡೆಯ ಕೆ.ಆರ್. ನಗರದವರಿಗೆ ಮೈಸೂರು ಒಂದು ಗಂಟೆಯ ದಾರಿ, ರೈಲೂ ಇದೆ. ಅಲ್ಲಿನ ಬಸುರಿ ತಾಲ್ಲೂಕು ಆಸ್ಪತ್ರೆಯನ್ನು ದಾಟಿಕೊಂಡು ಸೀದಾ ಚೆಲುವಾಂಬ ಆಸ್ಪತ್ರೆಗೋ ಖಾಸಗಿ ನರ್ಸಿಂಗ್ ಹೋಮಿಗೋ ಹೋಗಿಬಿಡಬಲ್ಲಳು. ಹುಣಸೂರು, ಪಿರಿಯಾಪಟ್ಟಣ ಮಡಿಕೇರಿ ಹೆದ್ದಾರಿಯ ಮೇಲಿವೆ. ಹೆಗ್ಗಡದೇವನಕೋಟೆಯ, ಜನರ ಬಾಯಲ್ಲಿ ಬರೀ ಕೋಟೆಯ, ದಕ್ಷಿಣ ತುದಿಯ ಡಿ.ಬಿ. ಕುಪ್ಪೆಯ ಕಡೆಯವರಿಗೆ ನಾಗರಹೊಳೆ ಕಾಡು ದಾಟದೆ ತಾಲ್ಲೂಕು ಕೇಂದ್ರವೇ ಇಲ್ಲ. ಕಬಿನಿ ಹೊಳೆ ದಾಟಿದರೆ ಕೇರಳ ಹತ್ತಿರ, ಹಾಗಾಗಿ ಎಷ್ಟೋ ಹೆಂಗಸರ ಮೊದಲ ಸ್ಕ್ಯಾನಿಂಗ್ ವರದಿ ವಯನಾಡಿನ ಆಸ್ಪತ್ರೆಯದೇ. ಒಂದೇ ಉಪವಿಭಾಗದಲ್ಲಿ ಒಬ್ಬಳಿಗೆ ಯಂತ್ರಗಳ ಆಯ್ಕೆ, ಇನ್ನೊಬ್ಬಳಿಗೆ ಬಸ್ಸಿನ ಚಿಂತೆ. ಸ್ಕ್ಯಾನಿಂಗ್ ಸೇವೆಯ ಚರಿತ್ರೆಯನ್ನು ಯಂತ್ರದಿಂದ ಶುರು ಮಾಡಿದರೆ ದಾರಿ ತಪ್ಪುವುದು ಇದಕ್ಕೇ.

ಯಂತ್ರ ಬರುವ ಮುಂಚೆಯೂ ಒಳಗಿನ ಮಗುವನ್ನು ತಿಳಿಯುವ ವಿದ್ಯೆ ಇತ್ತು. ಹೊಟ್ಟೆಯ ಮೇಲೆ ಎರಡು ಕೈಯಿಟ್ಟು ತಲೆ ಯಾವ ಕಡೆ, ಬೆನ್ನು ಯಾವ ಕಡೆ ಎಂದು ಹೇಳುತ್ತಿದ್ದ ದಾದಿಯರು, ಮರದ ಕೊಳವೆಯ ತುದಿಗೆ ಕಿವಿಯೊತ್ತಿ ಮಗುವಿನ ಎದೆಬಡಿತ ಎಣಿಸುತ್ತಿದ್ದ ಮಿಡ್‌ವೈಫ್‌ಗಳು, ಟೇಪು ಹಿಡಿದು ಗರ್ಭಕೋಶದ ಎತ್ತರ ಅಳೆಯುತ್ತಿದ್ದ ಎಎನ್‌ಎಂಗಳು. ಮುಟ್ಟು ನಿಂತ ದಿನವನ್ನು ಹಬ್ಬದ ಆಸರೆಯಲ್ಲಿ ಹಿಡಿಯುತ್ತಿದ್ದರು: ಯುಗಾದಿಗೆ ಮುಂಚೆಯೋ ಆಮೇಲೋ, ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಆಗಿತ್ತೋ ಇಲ್ಲವೋ. ಈಗಲೂ ಸ್ಕ್ಯಾನಿಂಗ್ ಕೋಣೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಅದೇ, ಕೇಳುವವರೂ ಬಹುಪಾಲು ಸಿಸ್ಟರೇ.

ಮೈಸೂರು ಸೀಮೆಯಲ್ಲಿ ಹೀಗೆ ಕೈಯಿಂದಲೇ ಅಳೆದು ಬರೆದಿಡುವ ವಿದ್ಯೆಗೆ ಒಂದು ದೊಡ್ಡ ಸಾಕ್ಷಿ ಇದೆ. 20ನೇ ಶತಮಾನದ ಮೊದಲ ದಶಕದಲ್ಲಿ ವೆಸ್ಲಿಯನ್ ಮಿಷನ್ನಿನವರು ಕಟ್ಟಿದ, ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ದಾಖಲೆಯಲ್ಲಿ ಬರೆದಿಡುತ್ತ ಬಂದರು. ಬರೆದವರಿಗೆ ಅದು ದಿನದ ಕೆಲಸ. 60 ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮಿಷನ್ ಆಸ್ಪತ್ರೆಯವರ ಜೊತೆ ಸೇರಿ ಆ ಪುಸ್ತಕಗಳನ್ನು ಬಿಚ್ಚಿದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದ ಕೂಸುಗಳಾಗಿ ಹುಟ್ಟಿದವರಲ್ಲಿ ನಡುವಯಸ್ಸಿನ ನಂತರ ಹೃದ್ರೋಗ ಹೆಚ್ಚು ಎಂಬ ಅವರ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ವೈದ್ಯ ಜಗತ್ತು ಮೈಸೂರಿನ ಹೆಸರನ್ನು ಆಗ ಉಲ್ಲೇಖಿಸಿದ್ದು ಯಾವುದೋ ಯಂತ್ರದ ಕಾರಣಕ್ಕಲ್ಲ, ಹೆರಿಗೆ ವಾರ್ಡಿನ ರಿಜಿಸ್ಟರಿನ ಕಾರಣಕ್ಕೆ.

ಯಂತ್ರದ ಮೂಲದಲ್ಲೂ ಇಂಥದೇ ಒಂದು ಸಂಗತಿ ಅಡಗಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪ್ರಸೂತಿ ಪ್ರಾಧ್ಯಾಪಕರಾಗಿದ್ದ ಇಯಾನ್ ಡೊನಾಲ್ಡ್, ಬಾಯ್ಲರ್ ಕಾರ್ಖಾನೆಯಲ್ಲಿ ಲೋಹದ ಬಿರುಕು ಪತ್ತೆ ಹಚ್ಚುವ ಉಪಕರಣವನ್ನು ಕಂಡು, ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಗಳನ್ನು 1955ರಲ್ಲಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಅಲ್ಲಿಗೇ ಒಯ್ದರು. ವೈದ್ಯ ಜಾನ್ ಮ್ಯಾಕ್‌ವಿಕರ್, ಎಂಜಿನಿಯರ್ ಟಾಮ್ ಬ್ರೌನ್ ಜೊತೆ ಅವರು ಬರೆದ ಲೇಖನ ಅದೇ ‘ಲ್ಯಾನ್ಸೆಟ್’ನಲ್ಲಿ 1958ರ ಜೂನಿನಲ್ಲಿ ಪ್ರಕಟವಾಯಿತು. ಅವರ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ರೌಂಡ್ಸ್‌ಗೆ ಮುಂಚೆಯೇ ಹಳೆಯ ಉಪಕರಣ ಹಿಡಿದು ಮಗುವಿನ ತಲೆ ಎಲ್ಲಿದೆ ಎಂದು ನೋಡಿಟ್ಟುಕೊಂಡು, ಆಮೇಲೆ ಡಾಕ್ಟರುಗಳ ಮುಂದೆ ತಪ್ಪಿಲ್ಲದೆ ಹೇಳಿಬಿಡುತ್ತಿದ್ದರು ಎಂಬ ಪ್ರಸಂಗವನ್ನು ಆ ಚರಿತ್ರೆಯ ಹತ್ತಿರದವರು ಹೇಳಿಕೊಂಡು ಬಂದಿದ್ದಾರೆ. ಬ್ರಿಟನ್ನಿನಲ್ಲಿ ಇವತ್ತು ಡಾಕ್ಟರಲ್ಲದ ಸೋನೋಗ್ರಾಫರುಗಳು, ತರಬೇತಿ ಪಡೆದ ಮಿಡ್‌ವೈಫ್‌ಗಳು ಸ್ಕ್ಯಾನ್ ಮಾಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಕಾರಣ ವೈದ್ಯಕೀಯದ್ದಲ್ಲ, ಸಮಾಜದ್ದು.

1990ರಲ್ಲಿ ವಿಪ್ರೊ ಮತ್ತು ಜಿಇ ಕಂಪನಿಗಳು ಬೆಂಗಳೂರಿನಲ್ಲಿ ಜಂಟಿ ಉದ್ಯಮ ಆರಂಭಿಸಿ ಸ್ಕ್ಯಾನಿಂಗ್ ಯಂತ್ರಗಳನ್ನು ಇಲ್ಲೇ ತಯಾರಿಸತೊಡಗಿದವು. ಮುಂದಿನ ವರ್ಷಗಳಲ್ಲಿ ಯಂತ್ರ ಜಿಲ್ಲಾ ಕೇಂದ್ರದಿಂದ ತಾಲ್ಲೂಕಿನ ಪೇಟೆ ಬೀದಿಗೆ ಇಳಿಯಿತು. ಅದರ ಜೊತೆಗೇ ಹೆಣ್ಣು ಭ್ರೂಣವನ್ನು ಹುಡುಕಿ ತೆಗೆಸುವ ದಂಧೆಯೂ ಇಳಿಯಿತು. ಸಂಸತ್ತು 1994ರಲ್ಲಿ ಲಿಂಗಪತ್ತೆ ನಿಷೇಧ ಕಾಯ್ದೆ ಮಾಡಿತು, 1996ರ ಜನವರಿ 1ರಿಂದ ಅದು ಜಾರಿಗೆ ಬಂತು, 2003ರ ತಿದ್ದುಪಡಿಯಲ್ಲಿ ಬಿಗಿಯಾಯಿತು. ಪಿಸಿಪಿಎನ್‌ಡಿಟಿ ಎಂಬ ಅದರ ಉದ್ದನೆಯ ಹೆಸರಿನ ತುಂಡು ಇಂದು ಎಲ್ಲ ಆಸ್ಪತ್ರೆಗಳ ಬಾಯಲ್ಲೂ ಇದೆ. ನೋಂದಣಿ ಇಲ್ಲದ ಕೋಣೆಯಲ್ಲಿ ಯಂತ್ರ ಇಡುವಂತಿಲ್ಲ. ಅರ್ಹತೆಯುಳ್ಳ, ನೋಂದಾಯಿತ ವೈದ್ಯರಲ್ಲದೆ ಬೇರೆಯವರು ಬಸುರಿಯ ಹೊಟ್ಟೆಯ ಮೇಲೆ ಪ್ರೋಬ್ ಇಡುವಂತಿಲ್ಲ. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಎದ್ದು ಕಾಣುವಂತೆ ತೂಗಿರಬೇಕು. ಪ್ರತಿ ಗರ್ಭಿಣಿಗೂ ಒಂದು ಫಾರಂ ಎಫ್ ತುಂಬಬೇಕು, ತಿಂಗಳ ವರದಿ ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಮುಟ್ಟಬೇಕು.

ಡಾಕ್ಟರು ಮತ್ತು ದಾದಿಯ ಜೋಡಿ ಕೆಲಸ ಹೊಸ ಆಕಾರ ಪಡೆದದ್ದು ಈ ಕಾಯ್ದೆಯಿಂದ. ಫಾರಂ ಎಫ್ ಚಿಕ್ಕ ಕಾಗದ ಅಲ್ಲ. ಹೆಸರು, ವಯಸ್ಸು, ಗಂಡನ ಹೆಸರು, ಪೂರ್ತಿ ವಿಳಾಸ, ಬದುಕಿರುವ ಮಕ್ಕಳೆಷ್ಟು, ಅವರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಕಡೆಯ ಮುಟ್ಟಿನ ದಿನ, ಕಳಿಸಿದ ಡಾಕ್ಟರು ಯಾರು, ಯಾವ ಕಾರಣಕ್ಕೆ ಸ್ಕ್ಯಾನು. ಕೆಳಗೆ ಮಗುವಿನ ಲಿಂಗ ತಿಳಿಯಲು ಇಚ್ಛಿಸುವುದಿಲ್ಲ ಎಂದು ಹೆಂಗಸಿನ ಸಹಿ ಅಥವಾ ಹೆಬ್ಬೆಟ್ಟು, ತಾನು ಪತ್ತೆ ಮಾಡಿಲ್ಲ, ಯಾರಿಗೂ ಹೇಳಿಲ್ಲ ಎಂದು ಡಾಕ್ಟರ ಸಹಿ. ಇದನ್ನು ಬರೆಯುವುದು ಸಾಮಾನ್ಯವಾಗಿ ಸಿಸ್ಟರು, ಹೊಣೆ ಹೊರುವುದು ಡಾಕ್ಟರು. ಫಾರಂನಲ್ಲಿ ಕಲಂ ಖಾಲಿ ಬಿಟ್ಟರೆ ಅದು ಬರೀ ಗುಮಾಸ್ತಿಕೆಯ ಲೋಪ, ಅಪರಾಧವೆಂದು ಎಣಿಸಬಾರದು ಎಂದು ಪ್ರಸೂತಿ ತಜ್ಞರ ಅಖಿಲ ಭಾರತ ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2019ರ ಮೇ 3ರಂದು ಕೋರ್ಟು ಆ ವಾದ ಒಪ್ಪಲಿಲ್ಲ. ದಾಖಲೆ ಇಡದಿರುವುದೂ ಅಪರಾಧವೇ ಎಂಬ ಕಾನೂನು ಹಾಗೇ ನಿಂತಿತು. ಅಂದರೆ ಸಿಸ್ಟರ ಪೆನ್ನು ಒಂದು ಗೆರೆ ಬಿಟ್ಟರೆ ಡಾಕ್ಟರ ನೋಂದಣಿಗೆ ಕುತ್ತು. ಪ್ರೋಬ್ ಹಿಡಿಯುವವರು ಬರೆಯುವವರನ್ನು ನಂಬಲೇಬೇಕು, ಬರೆಯುವವರು ಪ್ರೋಬ್ ಹಿಡಿದವರನ್ನು ಧೈರ್ಯವಾಗಿ ತಡೆದು ಕೇಳಲೇಬೇಕು: ಸಾರ್, ಈ ಹೆಂಗಸಿಗೆ ಯಾವ ಕಾರಣ ಬರೀಲಿ? ಆಸ್ಪತ್ರೆಯ ಮೇಲು ಕೀಳಿನ ಏಣಿಯಲ್ಲಿ ಕೆಳಗಿರುವವರು ಮೇಲಿರುವವರನ್ನು ಹೀಗೆ ದಿನಕ್ಕೆ ಹತ್ತಾರು ಸಲ ಕೇಳುವ ಕೋಣೆ ಇದೊಂದೇ ಇರಬೇಕು. ಕೇಳಲು ಬಿಡದ ಡಾಕ್ಟರ ಕೋಣೆಯಲ್ಲಿ ಫಾರಂಗಳು ಸಂಜೆ ರಾಶಿ ಹಾಕಿಕೊಂಡು ತುಂಬಿಸಿದಂತಿರುತ್ತವೆ. ಅದನ್ನು ಪರಿಶೀಲನೆಗೆ ಬಂದವರು ಮೊದಲ ಪುಟದಲ್ಲೇ ಹಿಡಿಯುತ್ತಾರೆ.

ವಿಳಾಸದ ಕಲಂ ಒಂದನ್ನೇ ನೋಡಿ. ಪೇಟೆಯವರಿಗೆ ಅದು ಆಧಾರ್ ಕಾರ್ಡು ನೋಡಿ ಇಳಿಸುವ ಸಾಲು. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳ, ಅಂದರೆ ಆದಿವಾಸಿ ಕೇರಿಗಳ, ಜೇನುಕುರುಬ, ಕಾಡುಕುರುಬ, ಎರವ ಹೆಂಗಸರ ವಿಷಯದಲ್ಲಿ ಅದು ಒಂದು ವಿಚಾರಣೆ. ಕಬಿನಿ ಅಣೆಕಟ್ಟೆಗೆ, ನಾಗರಹೊಳೆ ಬಂಡೀಪುರಗಳ ಕಾಡಿನ ಕಾಯ್ದೆಗೆ ಒಂದೋ ಎರಡೋ ಸಲ ಎದ್ದು ಬಂದ ಜನ ಅವರು. ಗಂಡನ ಹಾಡಿ ಒಂದು, ತಾಯಿಯ ಹಾಡಿ ಇನ್ನೊಂದು, ಕಾಫಿ ಕುಯ್ಲಿನಲ್ಲಿ ಕೊಡಗಿನ ಲೈನ್‌ಮನೆ ಮೂರನೆಯದು. ವಯಸ್ಸು ಕೇಳಿದರೆ ನಗು ಬರುತ್ತದೆ, ಉತ್ತರ ಬರುವುದಿಲ್ಲ. ಡಾಕ್ಟರು ಪರದೆಯಾಚೆ ಕಾಯುತ್ತಿರುತ್ತಾರೆ, ಹೊರಗೆ ಸಾಲು ಬೆಳೆಯುತ್ತಿರುತ್ತದೆ. ಹಾಡಿಯ ಹೆಸರು, ಯಜಮಾನರ ಹೆಸರು, ಆಶಾ ಕಾರ್ಯಕರ್ತೆಯ ಫೋನ್ ನಂಬರು ಮೂರನ್ನೂ ತಾಯಿ ಕಾರ್ಡಿನ ಮೇಲೆ ಬರೆದುಕೊಳ್ಳುವ ಅಭ್ಯಾಸ ಇಂಥ ಕಡೆ ಯಾವ ಸುತ್ತೋಲೆಯಿಂದ ಬಂದದ್ದಲ್ಲ. ಮುಂದಿನ ತಿಂಗಳು ಅದೇ ಹೆಂಗಸನ್ನು ಹುಡುಕಬೇಕಾಗಿ ಬಂದವರು ಕಂಡುಕೊಂಡದ್ದು.

ಕೋಟೆ ತಾಲ್ಲೂಕಿನಲ್ಲಿ ಈ ಹುಡುಕುವ ಕೆಲಸವನ್ನೇ ಆಸ್ಪತ್ರೆಯ ಅಡಿಪಾಯ ಮಾಡಿಕೊಂಡ ಸಂಸ್ಥೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಮಣ್ಯಂ ಮತ್ತು ಗೆಳೆಯರು ಕಟ್ಟಿದ ಈ ಸಂಸ್ಥೆ ಆ ದಶಕದ ಕೊನೆಯ ಹೊತ್ತಿಗೆ ಬ್ರಹ್ಮಗಿರಿಯ ಹಾಡಿಗಳಿಗೆ ಬಂತು. ಕೆಂಚನಹಳ್ಳಿಯಲ್ಲಿ ಆದಿವಾಸಿಗಳಿಗಾಗಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಶಾಲೆ, ಆಮೇಲೆ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ. ಡಾಕ್ಟರುಗಳ ಹೆಸರುಗಳು ಪುಸ್ತಕ, ಭಾಷಣಗಳಲ್ಲಿ ಬಂದಿವೆ, ಬರಬೇಕಾದದ್ದೇ. ಆದರೆ ಸಂಚಾರಿ ಆರೋಗ್ಯ ಘಟಕದ ಜೀಪು ಹಾಡಿಗೆ ಹೋದಾಗ ಬಸುರಿಯರನ್ನು ಮೊದಲು ಮಾತಾಡಿಸುತ್ತಿದ್ದುದು ಜೊತೆಗಿದ್ದ ನರ್ಸ್ ಅಥವಾ ಹಾಡಿಯಿಂದಲೇ ಬಂದ ಆರೋಗ್ಯ ಕಾರ್ಯಕರ್ತೆ. ಯಾರಿಗೆ ಸ್ಕ್ಯಾನು ಬೇಕು, ಯಾರನ್ನು ಇವತ್ತೇ ಜೀಪಿನಲ್ಲಿ ಕೂರಿಸಿಕೊಂಡು ಹೋಗಬೇಕು ಎಂಬ ಮೊದಲ ವಿಂಗಡಣೆ ಆ ಮಾತಿನಲ್ಲೇ ಆಗುತ್ತದೆ.

ಹಾಗಾದರೆ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರವನ್ನೇ ಹಾಡಿಗೆ ಒಯ್ಯಬಾರದೇಕೆ ಎಂದು ಕೇಳುವವರಿದ್ದಾರೆ. ತಂತ್ರಜ್ಞಾನದ ಉತ್ತರ, ಒಯ್ಯಬಹುದು. ಕಾನೂನಿನ ಉತ್ತರ ಬೇರೆ. 2012ರ ನಿಯಮಗಳ ಪ್ರಕಾರ ಪೋರ್ಟಬಲ್ ಯಂತ್ರವನ್ನು ನೋಂದಾಯಿತ ಆವರಣದೊಳಗಿನ ಒಳರೋಗಿಗಳಿಗೆ, ಇಲ್ಲವೇ ಇತರ ಚಿಕಿತ್ಸೆಗಳನ್ನೂ ಕೊಡುವ ನೋಂದಾಯಿತ ಸಂಚಾರಿ ಘಟಕದ ಭಾಗವಾಗಿ ಮಾತ್ರ ಬಳಸಬಹುದು. ಚೀಲದಲ್ಲಿ ಹಾಕಿಕೊಂಡು ಹೊರಟರೆ ಅದು ಅಪರಾಧ. ಈ ಕಟ್ಟುಪಾಡು ಅತಿಯಾಯಿತೆಂದು ಕಾಡಂಚಿನಲ್ಲಿ ಕೆಲಸ ಮಾಡುವವರು ಗೊಣಗುವುದುಂಟು. ಕಾಯ್ದೆ ಯಾಕೆ ಅಷ್ಟು ಬಿಗಿಯಾಯಿತು ಎಂಬುದಕ್ಕೆ ಉತ್ತರ ಮಾತ್ರ ಪಕ್ಕದ ಜಿಲ್ಲೆಯಲ್ಲೇ ಸಿಕ್ಕಿತು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತು. ಕೆ.ಆರ್. ನಗರದ ಗಡಿ ದಾಟಿದರೆ ಮಂಡ್ಯ ಜಿಲ್ಲೆ. ಬಂಧಿತರಲ್ಲಿ ಡಾಕ್ಟರುಗಳೂ ಇದ್ದರು, ಆಸ್ಪತ್ರೆ ಸಿಬ್ಬಂದಿಯೂ ಇದ್ದರು. ಡಾಕ್ಟರು ಮತ್ತು ಸಿಬ್ಬಂದಿಯ ಹೊಂದಾಣಿಕೆ ತಾನಾಗಿಯೇ ಒಳ್ಳೆಯದು ಎಂದು ಬರೆಯುವ ಸ್ಮರಣ ಸಂಚಿಕೆಗಳು ಈ ಆಲೆಮನೆಯನ್ನೂ ನೆನಪಿಟ್ಟುಕೊಳ್ಳುವುದು ಒಳಿತು. ಅಲ್ಲಿ ನಡೆದದ್ದೂ ಜೋಡಿ ಕೆಲಸವೇ, ಒಬ್ಬರನ್ನೊಬ್ಬರು ಕೇಳದ ಜೋಡಿ.

ಸರಕಾರಿ ಆಸ್ಪತ್ರೆಯ ಸ್ಕ್ಯಾನಿಂಗ್ ದಿನ ಬೆಳಿಗ್ಗೆ ಹತ್ತಕ್ಕೆ ಅಲ್ಲ, ಹಿಂದಿನ ವಾರವೇ ಶುರುವಾಗುತ್ತದೆ. ಉಪಕೇಂದ್ರದ ಎಎನ್‌ಎಂ ತನ್ನ ಪಟ್ಟಿಯಲ್ಲಿ ಯಾರಿಗೆ ಐದನೇ ತಿಂಗಳು ಎಂದು ನೋಡುತ್ತಾಳೆ. 18ರಿಂದ 20 ವಾರದ ನಡುವೆ ಅಂಗಾಂಗಗಳನ್ನು ನೋಡುವ ಸ್ಕ್ಯಾನು ಆಗಬೇಕು, 24 ವಾರ ದಾಟುವ ಮುನ್ನ ಒಂದಾದರೂ ಸ್ಕ್ಯಾನು ಆಗಿರಬೇಕೆಂಬುದು 2016ರ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಅದೇ ವರ್ಷ ಕೇಂದ್ರ ಸರಕಾರ ಶುರು ಮಾಡಿದ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರ ತಪಾಸಣೆಗೆ ಮೀಸಲು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದಾಗಿ ಸರಕಾರಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಉಚಿತ. ಕಾಗದದ ಮೇಲೆ ಎಲ್ಲ ಕೂಡಿ ಬಂದಿದೆ. ನೆಲದ ಮೇಲೆ 9ನೇ ತಾರೀಖು ಹೊಗೆಸೊಪ್ಪು ಕೀಳುವ ಕಾಲದಲ್ಲಿ ಬಿದ್ದರೆ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಿಂದ ಯಾರು ಬರುತ್ತಾರೆ? ಸೊಪ್ಪು ಕಿತ್ತು, ಕಟ್ಟಿ, ಬ್ಯಾರನ್ನಿಗೆ ಏರಿಸುವ ದಿನಗಳಲ್ಲಿ ಮನೆಯ ಒಬ್ಬ ಹೆಂಗಸು ಒಂದು ದಿನ ಕಾಣೆಯಾದರೂ ಲೆಕ್ಕ ತಪ್ಪುತ್ತದೆ. ಇದನ್ನು ಬಲ್ಲ ಎಎನ್‌ಎಂ ಸುಗ್ಗಿಗೆ ಮುಂಚೆಯೇ ಹೆಸರುಗಳನ್ನು ಎತ್ತಿ ಡಾಕ್ಟರ ಮುಂದಿಡುತ್ತಾಳೆ, ಈ ವಾರ ನಾಲ್ಕು ಜಾಸ್ತಿ ನೋಡಿಕೊಡಿ ಎನ್ನುತ್ತಾಳೆ. ನೋಡಿಕೊಡುವ ಡಾಕ್ಟರಿದ್ದರೆ ಆ ಊರಿನ ಬಸುರಿಯರಿಗೆ ಐದನೇ ತಿಂಗಳ ಸ್ಕ್ಯಾನು ಸಿಕ್ಕಿತು, ಇಲ್ಲದಿದ್ದರೆ ಎಂಟನೇ ತಿಂಗಳಿಗೆ.

ಐದಕ್ಕೂ ಎಂಟಕ್ಕೂ ಏನು ವ್ಯತ್ಯಾಸ ಎಂದರೆ, ಸ್ಕ್ಯಾನು ತಡವಾದಷ್ಟೂ ದಿನದ ಲೆಕ್ಕ ಸಡಿಲ. ಮೊದಲ ಮೂರು ತಿಂಗಳಲ್ಲಿ ಅಳೆದ ಮಗುವಿನ ಉದ್ದದಿಂದ ದಿನ ಲೆಕ್ಕ ಹಾಕಿದರೆ ತಪ್ಪುವುದು ಹೆಚ್ಚೆಂದರೆ ಒಂದು ವಾರ. ಕೊನೆಯ ಮೂರು ತಿಂಗಳಲ್ಲಿ ಅದೇ ಲೆಕ್ಕ ಮೂರು ವಾರದಷ್ಟು ಆಚೀಚೆ ಆಗಬಹುದು. ದಿನ ತುಂಬಿದೆಯೋ ಇಲ್ಲವೋ ಎಂದು ತಿಳಿಯದೆ ನೋವು ಬರಿಸುವ ಡ್ರಿಪ್ ಹಾಕುವುದೂ ಕಷ್ಟ, ಕಾಯುವುದೂ ಕಷ್ಟ. ಮೆದುಳು ಬೆಳೆಯದ ಮಗು, ಬೆನ್ನುಹುರಿ ತೆರೆದ ಮಗು ಎಂಟನೇ ತಿಂಗಳಲ್ಲಿ ಕಂಡರೆ ತಾಯಿಯ ಮುಂದೆ ದಾರಿಗಳು ಬಹಳ ಉಳಿದಿರುವುದಿಲ್ಲ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ 20 ವಾರದ ಮಿತಿಯನ್ನು 24ಕ್ಕೆ ಏರಿಸಿತು, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಮುಂದೆ ಅದರಾಚೆಗೂ ಅವಕಾಶ ಇಟ್ಟಿತು. ಆ ಮಂಡಳಿಯ ಮುಂದೆ ಹೋಗಲು ಮೊದಲು ಯಾರಾದರೂ ಸಕಾಲಕ್ಕೆ ಸ್ಕ್ಯಾನಿಗೆ ಕಳಿಸಿರಬೇಕು.

ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿಗೆ ಬರೋಣ. ಹೊಟ್ಟೆಯ ಮೇಲ್ಭಾಗ, ಪಿತ್ತಕೋಶ ನೋಡಲು ಉಪವಾಸ ಬರಬೇಕು. ಬಸುರಿನ ಮೊದಲ ತಿಂಗಳುಗಳಲ್ಲಿ ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ಈ ಎರಡು ಸೂಚನೆಗಳು ಊರು ತಲುಪುವ ಹೊತ್ತಿಗೆ ಬೆರೆತುಹೋಗುತ್ತವೆ. ಅಂತರಸಂತೆಯ ಕಡೆಯಿಂದ ಮೊದಲ ಬಸ್ಸಿಗೆ ಬಂದ ಬಸುರಿ ಏನೂ ತಿನ್ನದೆ, ನೀರನ್ನೂ ಕುಡಿಯದೆ ಕೂತು ಹನ್ನೊಂದರ ಹೊತ್ತಿಗೆ ತಲೆಸುತ್ತಿ ಬೀಳುವುದು ಹೊಸದಲ್ಲ. ‘ಉಪ್ಪಾಸ ಬರ್ಬೇಕು ಅಂದ್ರಲ್ಲ ಸಿಸ್ಟ್ರೆ’ ಎಂಬ ಮಾತಿಗೆ ಉತ್ತರ ಇಡ್ಲಿ ತರಿಸಿಕೊಡುವುದು. ಇನ್ನೊಬ್ಬಳು ನೀರು ಕುಡಿದು ತಡೆಯಲಾರದೆ ಬಚ್ಚಲಿಗೆ ಹೋಗಿ ಬಂದು ಮತ್ತೆ ಸಾಲಿನ ಕೊನೆಗೆ ಬಿದ್ದಿರುತ್ತಾಳೆ. ಯಾರಿಗೆ ಈಗ ತುಂಬಿದೆ, ಯಾರಿಗೆ ಅರ್ಧ ಗಂಟೆ ಬೇಕು ಎಂದು ನೋಡಿ ಸಾಲನ್ನು ಕಲೆಸುತ್ತ ಹೋಗುವ ಸಿಸ್ಟರ್ ಇದ್ದರೆ ಡಾಕ್ಟರು ಒಂದು ಬೆಳಗಿನಲ್ಲಿ ಎಲ್ಲರನ್ನೂ ನೋಡಿ ಮುಗಿಸುತ್ತಾರೆ. ಟೋಕನ್ ನಂಬರಿನ ಪ್ರಕಾರವೇ ಕಳಿಸುವ ಕಡೆ ಡಾಕ್ಟರು ಖಾಲಿ ಪರದೆಯ ಮುಂದೆ ಕೂತಿರುತ್ತಾರೆ, ಹೊರಗೆ ಜಗಳ ನಡೆಯುತ್ತಿರುತ್ತದೆ. ಬೈಲಕುಪ್ಪೆಯ ಟಿಬೆಟನ್ ವಸತಿಯಿಂದ ಬಂದವರಿಗೆ ಭಾಷೆಯ ತೊಡಕು ಬೇರೆ. ಕನ್ನಡ ಬಲ್ಲ ನೆಂಟರು ಜೊತೆಗಿಲ್ಲದಿದ್ದರೆ ಸನ್ನೆಯಲ್ಲೇ ಅರ್ಧ ಫಾರಂ ತುಂಬಬೇಕು.

ಒಳಗೆ, ಜೆಲ್ಲಿ ಹಚ್ಚಿದ ಹೊಟ್ಟೆಯ ಮೇಲೆ ಪ್ರೋಬ್ ಓಡುವಾಗ ಡಾಕ್ಟರ ಕಣ್ಣು ಪರದೆಯ ಮೇಲೆ, ಹೆಂಗಸಿನ ಕಣ್ಣು ಡಾಕ್ಟರ ಮುಖದ ಮೇಲೆ. ಡಾಕ್ಟರು ಒಂದು ಕಡೆ ಹೆಚ್ಚು ಹೊತ್ತು ನಿಲ್ಲಿಸಿದರೆ ಅವಳಿಗೆ ಗಾಬರಿ. ಪಕ್ಕದಲ್ಲಿ ನಿಂತ ಸಿಸ್ಟರ್ ಬಟ್ಟೆ ಸರಿ ಮಾಡುತ್ತ, ಕಾಲು ಮಡಿಸಲು ಹೇಳುತ್ತ, ಅಳತೆಗಳನ್ನು ಬರೆದುಕೊಳ್ಳುತ್ತ ಇರುತ್ತಾರೆ. ಪುರುಷ ವೈದ್ಯರಿದ್ದಾಗ ಹೆಣ್ಣು ಸಿಬ್ಬಂದಿ ಕೋಣೆಯಲ್ಲಿ ಇರಲೇಬೇಕೆಂಬುದು ಶಿಷ್ಟಾಚಾರ, ಹೆಂಗಸಿಗೆ ಅದು ಶಿಷ್ಟಾಚಾರಕ್ಕಿಂತ ದೊಡ್ಡ ಆಸರೆ. ಬಾಗಿಲ ಆಚೆ ಅತ್ತೆ ಕಾದಿರುತ್ತಾಳೆ. ಅವಳು ಡಾಕ್ಟರನ್ನು ಕೇಳುವುದಿಲ್ಲ, ಸಿಸ್ಟರನ್ನು ಕೇಳುತ್ತಾಳೆ. ‘ಏನಂತವ್ವ? ಪೇಟೆ ಕಡೆ ಹೇಳ್ತಾರಂತಲ್ಲ?’ ಕೆಲವರು ಸೆರಗಿನ ಗಂಟೂ ಬಿಚ್ಚುತ್ತಾರೆ. ‘ಕೈಕಾಲು, ಎದೆಬಡಿತ ಎಲ್ಲ ಸರಿಯಾಗೇ ಅದೆ ಅವ್ವ. ಬೇರೆ ಏನನ್ನೂ ಇಲ್ಲಿ ಕೇಳಂಗಿಲ್ಲ, ನಾವೂ ಹೇಳಂಗಿಲ್ಲ’ ಎನ್ನುವ ಮಾತನ್ನು ವರ್ಷಗಟ್ಟಲೆ, ದಿನಕ್ಕೆ ಇಪ್ಪತ್ತು ಸಲ, ಕೋಪವಿಲ್ಲದೆ ಹೇಳಬೇಕು. ಕಾಯ್ದೆಯ ಫಲಕ ಗೋಡೆಯ ಮೇಲಿದೆ ನಿಜ. ಓದಲು ಬಾರದವರ ಮಟ್ಟಿಗೆ ಆ ಫಲಕ ಸಿಸ್ಟರೇ.

ವರದಿಯಲ್ಲಿ ಏನೂ ಇಲ್ಲದಿದ್ದರೆ ಕೆಲಸ ಅಲ್ಲಿಗೆ ಮುಗಿಯಿತು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದೆ ಎಂದು ಕಂಡ ದಿನ ಅಸಲಿ ಕೆಲಸ ಶುರು. ಅಂಥ ಹೆಂಗಸಿಗೆ ನೋವಿಲ್ಲದೆಯೇ ರಕ್ತ ಹೋಗಬಹುದು, ಮನೆಯಲ್ಲಿ ಹೆರಿಗೆ ಎಂದರೆ ಪ್ರಾಣಾಪಾಯ. ಡಾಕ್ಟರು ಎರಡು ಸಾಲು ಬರೆದು ಚೆಲುವಾಂಬಕ್ಕೆ ಕಳಿಸಿ ಎನ್ನುತ್ತಾರೆ. ಆ ಎರಡು ಸಾಲು ಮನೆಯವರಿಗೆ ಅರ್ಥವಾಗುವ ಮಾತಾಗಬೇಕು: ಕಡೆಯ ತಿಂಗಳು ಕಾಡಂಚಿನ ಮನೆಯಲ್ಲಿ ಇರಬೇಡಿ, ಮೈಸೂರಿನಲ್ಲೋ ಹುಣಸೂರಿನಲ್ಲೋ ನೆಂಟರಿದ್ದರೆ ಅಲ್ಲಿರಿ, ರಕ್ತ ಕೊಡುವವರು ಇಬ್ಬರನ್ನು ಈಗಲೇ ಹೇಳಿಟ್ಟುಕೊಳ್ಳಿ, ಒಂದು ಹನಿ ಕಂಡರೂ 108ಕ್ಕೆ ಫೋನ್ ಮಾಡಿ. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದಮೇಲೆ ಈ ಕೊನೆಯ ಮಾತಿಗೆ ಬಲ ಬಂತು. ಆದರೂ ಮಾನಂದವಾಡಿ ರಸ್ತೆಯಲ್ಲಿ ಕಾಡಿನ ಗೇಟು ರಾತ್ರಿ ಮುಚ್ಚುವ, ಮೊಬೈಲ್ ಸಿಗ್ನಲ್ ಬರುವ ಬಂಡೆ ಯಾವುದೆಂದು ಹಾಡಿಯ ಹುಡುಗರಿಗೆ ಮಾತ್ರ ಗೊತ್ತಿರುವ ಸೀಮೆಯಲ್ಲಿ, ವರದಿ ಬಂದ ದಿನವೇ ಆಶಾಗೆ ಫೋನ್ ಮಾಡಿ ಹೆಸರು ಹೇಳುವ ಸಿಸ್ಟರ್ ಬೇಕೇ ಬೇಕು. ಆಂಬುಲೆನ್ಸಿಗೆ ಗೇಟು ತೆರೆಯುತ್ತಾರೆ, ಆಂಬುಲೆನ್ಸನ್ನು ಕರೆದಿದ್ದರೆ.

ಬಸುರಿಯರ ಆಚೆಗೂ ಈ ಯಂತ್ರಕ್ಕೆ ಕೆಲಸವಿದೆ, ಚಿಕ್ಕದಾಗಿ ಹೇಳುತ್ತೇನೆ. ಮಡಿಕೇರಿ ಹೆದ್ದಾರಿಯ ಅಪಘಾತದವರ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂದು ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ನೋಡಿಬಿಟ್ಟರೆ ಮೈಸೂರಿನ ದಾರಿಯಲ್ಲಿ ಹೋಗುವ ಸಮಯಕ್ಕೆ ಅರ್ಥ ಬರುತ್ತದೆ. ಮೂತ್ರಕೋಶದ ಕಲ್ಲು, ಪಿತ್ತಕೋಶದ ಕಲ್ಲು, ಲಿವರಿನ ಕೀವುಗಡ್ಡೆ, ಆದಿವಾಸಿಗಳಲ್ಲಿ ಕಂಡುಬರುವ ಸಿಕಲ್ ಸೆಲ್ ಕಾಯಿಲೆಯವರ ಗುಲ್ಮದ ತಪಾಸಣೆ. ಯಂತ್ರದ ಆರೈಕೆಯೂ ಬಹುಪಾಲು ಸಿಸ್ಟರ ಮತ್ತು ಗ್ರೂಪ್ ಡಿ ನೌಕರರ ತಲೆಯ ಮೇಲೆಯೇ: ಪ್ರತಿಯೊಬ್ಬರ ನಂತರ ಪ್ರೋಬನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುವುದು, ವೈರು ತುಳಿಯದಂತೆ ಸುತ್ತಿಡುವುದು, ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಬಲ್ಲವರಾಗಿರುವುದು. ಒಂದು ಪ್ರೋಬ್ ಕೆಳಗೆ ಬಿದ್ದರೆ ಅದರ ರಿಪೇರಿ ಕಡತ ಮೈಸೂರು ಬೆಂಗಳೂರು ಸುತ್ತಿ ಬರುವ ತನಕ ಕೋಣೆಗೆ ಬೀಗ.

ಕೋಣೆಗೆ ಬೀಗ ಬೀಳಲು ಇನ್ನೂ ದೊಡ್ಡ ಕಾರಣ ರೇಡಿಯಾಲಜಿಸ್ಟ್ ಇಲ್ಲದಿರುವುದು. ಪದವಿ ಮುಗಿಸಿದವರು ನಗರದ ಡಯಾಗ್ನೋಸ್ಟಿಕ್ ಕೇಂದ್ರಗಳಿಗೆ ಹೋಗುತ್ತಾರೆ, ತಾಲ್ಲೂಕಿನ ಹುದ್ದೆ ಖಾಲಿ ಬೀಳುತ್ತದೆ. ಒಬ್ಬರನ್ನೇ ವಾರದ ದಿನ ಹಂಚಿ ಹಲವು ಕಡೆ ಕಳಿಸೋಣವೆಂದರೆ, ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಎರಡು ಕೇಂದ್ರಗಳಿಗಿಂತ ಹೆಚ್ಚು ಕಡೆ ನೋಂದಾಯಿಸಿಕೊಳ್ಳುವಂತಿಲ್ಲ ಎಂದು 2012ರ ನಿಯಮ ಕಟ್ಟಿಹಾಕಿತು. 2014ರಲ್ಲಿ ಎಂಬಿಬಿಎಸ್ ವೈದ್ಯರಿಗೆ ಆರು ತಿಂಗಳ ಸ್ಕ್ಯಾನಿಂಗ್ ತರಬೇತಿಯ ನಿಯಮ ಬಂದು ಒಂದು ಕಿಟಕಿ ತೆರೆಯಿತು. ಪ್ರಸೂತಿ ತಜ್ಞರು ತಾವೇ ಪ್ರೋಬ್ ಹಿಡಿಯುವುದೂ ಉಂಟು, ಆದರೆ ಲೇಬರ್ ವಾರ್ಡಿನಿಂದ ಕರೆ ಬಂದ ಕ್ಷಣ ಸ್ಕ್ಯಾನಿಂಗ್ ಸಾಲು ನಿಲ್ಲುತ್ತದೆ. ಹೀಗೆ ಬರುವ ಡಾಕ್ಟರುಗಳು ಬದಲಾಗುತ್ತಲೇ ಇರುವಾಗ ಒಂದು ಕೋಣೆಯ ಕ್ರಮ ಉಳಿಯುವುದು ಬದಲಾಗದೆ ಉಳಿದವರಿಂದ. ಹೊಸದಾಗಿ ವರ್ಗವಾಗಿ ಬಂದ ಡಾಕ್ಟರಿಗೆ ಯಾವ ಹೋಬಳಿಯಿಂದ ಯಾವ ದಿನ ಬಸ್ಸು, ಯಾವ ಹಾಡಿಯವರು ಸಂತೆ ದಿನ ಮಾತ್ರ ಬರುತ್ತಾರೆ, ಕೇರಳದ ವರದಿಯಲ್ಲಿ ದಿನಾಂಕ ಎಲ್ಲಿರುತ್ತದೆ ಎಂದು ಮೊದಲ ವಾರ ಕಲಿಸುವವರು ಸಿಸ್ಟರುಗಳು. ಅದನ್ನು ಕಲಿಯಲು ಸಿದ್ಧರಿದ್ದ ಡಾಕ್ಟರುಗಳನ್ನು ಊರಿನವರು ವರ್ಗವಾದ ಮೇಲೂ ನೆನೆಯುತ್ತಾರೆ.

ಫಾರಂ ಎಫ್‌ಗಳನ್ನು ಎರಡು ವರ್ಷ ಇಟ್ಟುಕೊಂಡರೆ ಸಾಕೆಂದು ನಿಯಮ ಹೇಳುತ್ತದೆ, ಮೊಕದ್ದಮೆ ಇದ್ದರೆ ಅದು ಮುಗಿಯುವ ತನಕ. ಸ್ಕ್ಯಾನಿನ ಥರ್ಮಲ್ ಕಾಗದದ ಚಿತ್ರ ತಾಯಿ ಕಾರ್ಡಿಗೆ ಅಂಟಿಸಿದ ಕೆಲವು ವರ್ಷಗಳಲ್ಲೇ ಬಿಳಿಯಾಗುತ್ತದೆ. ಉಳಿಯುವುದು ಗರ್ಭಿಣಿಯರ ರಿಜಿಸ್ಟರು, ಹೆರಿಗೆ ರಿಜಿಸ್ಟರು, ರೆಫರಲ್ ಪುಸ್ತಕ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳ ದಾಸ್ತಾನು ಕೋಣೆಗಳಲ್ಲಿ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡುವ ಮುನ್ನ ಹೆಸರು ವಿಳಾಸ ಮರೆಮಾಡಿ, ಎಷ್ಟನೇ ವಾರದಲ್ಲಿ ಮೊದಲ ಸ್ಕ್ಯಾನು, ಹುಟ್ಟಿದ ಮಗುವಿನ ತೂಕ, ಹೆರಿಗೆ ಎಲ್ಲಾಯಿತು ಎಂಬ ಮೂರು ಕಲಂಗಳನ್ನಾದರೂ ನಕಲು ಮಾಡಿಸಿ ಮೈಸೂರು ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೆ ಒಪ್ಪಿಸಬಹುದು. ಕಾಲೇಜಿನ ವಿದ್ಯಾರ್ಥಿಗಳಿಗೆ ಅದು ಒಂದು ವರ್ಷದ ಕೆಲಸ. ಬರೆದ ಸಿಸ್ಟರುಗಳಲ್ಲಿ ನಿವೃತ್ತರಾದವರು ಹುಣಸೂರು, ಕೋಟೆಯ ಬೀದಿಗಳಲ್ಲೇ ಇದ್ದಾರೆ, ಕೈಬರಹ ಅರ್ಥವಾಗದ ಕಡೆ ಅವರನ್ನೇ ಕೇಳಬಹುದು.